ಸಕ್ಕರೆ ನೀರಿನಲ್ಲಿ ಹೊತ್ತಿದ ದೀಪ

ಮಂಗಲಾ, ಅಂದು ಸಕ್ಕರೆ ನೀರಿನಲ್ಲಿ ದೀಪ ಹೊತ್ತಿದ್ದು ನಿನ್ನ ತಪ್ಪಿನಿಂದಲ್ಲ, ನನ್ನ ಬಾಟಲಿಯ ನೀರಿನಿಂದ. ನನಗದು ಆಗಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಕಾರವಾರದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ. ಎರಡು ಸಾವಿರದ ಇಸವಿಯ ನಂತರದ ವರ್ಷಗಳು. ಅಂಕೋಲೆಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮಿಬ್ಬರಲ್ಲಿ ಒಬ್ಬಳನ್ನು ಆರಿಸಬೇಕಿತ್ತು. ಅಯಾನಿಕ ಬಂಧ ಯಾವುದು, ಸಹವೇಲೆನ್ಸಿ ಬಂಧ ಯಾವುದು — ನನ್ನ ತಲೆಗೆ ಇಳಿಸಿದವಳೇ ನೀನು.

"ಉಪ್ಪಲ್ಲಿ ಸೋಡಿಯಂ ತನ್ನ ಎಲೆಕ್ಟ್ರಾನು ಕ್ಲೋರಿನ್‌ಗೆ ಕೊಟ್ಟೇ ಬಿಡ್ತದೆ. ನೀರಿಗೆ ಹಾಕಿದ್ರೆ ಎರಡೂ ಬೇರೆ ಬೇರೆ, ಕರೆಂಟು ಹರೀತದೆ. ಸಕ್ಕರೆಯಲ್ಲಿ ಪರಮಾಣುಗಳು ಎಲೆಕ್ಟ್ರಾನು ಹಂಚ್ಕಂಡು ಇರ್ತವೆ, ನಮ್ಮ ಊಟದ ಡಬ್ಬಿ ಹಾಂಗೆ. ಕರಗಿದ್ರೂ ಒಂದನ್ನೊಂದು ಬಿಡೂದಿಲ್ಲ, ದೀಪ ಹತ್ತೂದಿಲ್ಲ. ತಿಳೀತೇನೆ?"

ಕದ್ವಾಡದ ನಿನ್ನ ಮನೆಯ ಪಲ್ಯ, ದೇವಬಾಗದ ನನ್ನ ಮನೆಯ ಒಣಮೀನಿನ ಚಟ್ನಿ — ಎರಡೂ ಒಂದೇ ಮುಚ್ಚಳದಲ್ಲಿ.

ಆಯ್ಕೆಯ ದಿನ ನನ್ನ ಸರದಿ ಮುಗಿಯುವಷ್ಟರಲ್ಲಿ ಪ್ರಯೋಗಾಲಯದ ಬಟ್ಟಿ ಇಳಿಸಿದ ನೀರು ಮುಗಿದಿತ್ತು. ವಿಜ್ಞಾನ ಮಾಸ್ತರೆದುರು ಪ್ರಯೋಗ ಮಾಡಿ ತೋರಿಸಲು ಇನ್ನು ನಿನ್ನ ಸರದಿ. ನನ್ನ ಬಾಟಲಿ ಕೊಟ್ಟೆ. ನೀನು ಸಕ್ಕರೆ ಹಾಕಿ ತಂತಿ ಅದ್ದಿದೆ — ಪುಟ್ಟ ಕೆಂಪು ದೀಪ ಮಿಣಿಮಿಣಿ ಎಂದಿತು.

"ಉಪ್ಪಿನ ಚಮಚಾನೇ ಸಕ್ಕರೆಗೂ ಹಾಕಿದ್ಯೇನೆ? ಅಂಕೋಲೆಗೆ ಹೋಗಿ ನಮ್ಮ ಮಾನ ತೆಗೀತೆ ನೀನು," ಎಂದರು ಮಾಸ್ತರು.

ಮಳೆ ನಿಂತು ಕೆಲವು ದಿನ ಕಳೆದರೆ ಕಡಲ ದಂಡೆಯ ನಮ್ಮ ಬಾವಿಗೆ ಉಪ್ಪು ಏರುತ್ತದೆ. ನಾವು ಕುಡಿಯುತ್ತಿದ್ದುದು ಅದನ್ನೇ. ಅಷ್ಟು ಜನರೆದುರು ಅದನ್ನು ಹೇಳಲು ನಾಚಿಕೆ. ನಾಚಿಕೆ ಮಾತ್ರವೇ? ಇಲ್ಲ — ಅಂಕೋಲೆಗೆ ನಾನೇ ಹೋಗಬೇಕೆಂಬ ಆಸೆಯೂ.

ಹೋದೆ. ಬಹುಮಾನ ತಂದೆ. ಆಮೇಲೆ ಮಾಸ್ತರೇ ಮನೆಗೆ ಬಂದು, ಇವಳನ್ನು ಓದಿಸಿ ಎಂದು ಅಪ್ಪನಿಗೆ ಹೇಳಿದರು. ಬಲೆ ಎಳೆಯುವವರ ನಮ್ಮ ಮನೆಯಲ್ಲಿ ಮೊದಲ ಪದವಿ ನನ್ನದು; ಆ ಹೆಮ್ಮೆಯನ್ನು ಇಂದಿಗೂ ಬಿಟ್ಟುಕೊಡಲಾರೆ. ನೀನು ಮಾತ್ರ ಮುಂದೆ ವಿಜ್ಞಾನ ತೆಗೆದುಕೊಳ್ಳಲಿಲ್ಲ. "ನನ್ನ ಕೈಗೆ ಅದು ಒಗ್ಗೂದಿಲ್ಲ ಮಾರಾಯ್ತಿ," ಎಂದೆ.

ಈಗ ಇದೇ ಪಾಠವನ್ನು ನಾನು ಮಕ್ಕಳಿಗೆ ಹೇಳುತ್ತೇನೆ. ಪ್ರತಿ ಸಲ ಸಕ್ಕರೆ ನೀರಿಗೆ ತಂತಿ ಅದ್ದುವಾಗ ಒಂದು ಮಾತು ನೆನಪಾಗುತ್ತದೆ. ಆ ಆಯ್ಕೆಗೂ ಮೊದಲೊಮ್ಮೆ ನೀನು ನನ್ನ ಬಾಟಲಿಯಿಂದ ಕುಡಿದು ನಕ್ಕಿದ್ದೆ — "ಏ, ನಿಮ್ಮನೆ ನೀರಲ್ಲಿ ಗಂಜಿ ಬೇಯ್ಸಿದ್ರೆ ಉಪ್ಪೇ ಬೇಡ."

ಅಂದರೆ ನಿನಗೂ ಗೊತ್ತಿತ್ತು. ಅಂದು ನೀನು ಬಾಟಲಿ ನೋಡಿದೆ, ನನ್ನ ಮುಖ ನೋಡಿದೆ, ಆಮೇಲೆ ತಲೆ ತಗ್ಗಿಸಿ ಹೇಳಿದೆ — "ಇರಬಹುದು ಸರ್."

ಈ ಭಾನುವಾರ ಕದ್ವಾಡಕ್ಕೆ ಬರುತ್ತೇನೆ. ಮಾಸ್ತರ ಮನೆಗೆ ಇಬ್ಬರೂ ಹೋಗೋಣ, ಮಾತು ನಾನಾಡುತ್ತೇನೆ. ಅವರು ನಿನ್ನ ಕಡೆ ತಿರುಗಿ ಕೇಳಿದರೆ, ಈ ಸಲ ಮಾತ್ರ "ಇರಬಹುದು ಸರ್" ಅನ್ನಬೇಡ.