ಕುಡಿಯದವನ ತೊದಲು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನನ್ನು ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದರು. ಅವನು ಬಾಯಿ ಬಿಟ್ಟರೆ ಮೂಟೆ ಹೊರುವವರೂ ಒಂದು ಗಳಿಗೆ ನಿಂತು ನೋಡುತ್ತಿದ್ದರು. ಅವನು ‘ಆಯ್ತು’ ಅನ್ನುವ ತನಕ ಮಾಲು ಯಾರದೂ ಅಲ್ಲ.

ಆ ಗಂಟೆ ಇದ್ದಕ್ಕಿದ್ದಂತೆ ಒಡಕು ದನಿ ಮಾಡತೊಡಗಿತು. ಬೆಳಗ್ಗೆ ಕಂಚಿನ ಕಂಠವೇ. ನಾಲ್ಕಾರು ರಾಶಿ ಕೂಗುವಷ್ಟರಲ್ಲಿ ನಾಲಿಗೆ ದಪ್ಪವಾಗಿ, ಮಾತು ಮೂಗಿಗೇರಿ, ಎಡಗಣ್ಣಿನ ರೆಪ್ಪೆ ಅರ್ಧ ಜೋತುಬೀಳುತ್ತಿತ್ತು. ಜನಕ್ಕೆ ಅಷ್ಟು ಸಾಕಲ್ಲವೇ! ‘ಬೆಳಗ್ಗೆನೇ ಏರಿಸಿಕೊಂಡು ಬಂದಿದ್ದಾನೆ’ ಎಂದು ಕಣ್ಣು ಮಿಟುಕಿಸಿದರು. ಹಾಗೆ ಮೊದಲು ಅಂದವರು ದಿನಾ ಕುಡಿಯುವವರೇ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಹೆಂಡತಿಯೂ ಅದನ್ನೇ ನಂಬಿದಳು. ಅವಳಪ್ಪ ಕುಡಿದೇ ಸತ್ತವನು.

“ರೀ, ಇವತ್ತೂ ಕುಡಿದ್ರಾ?”

“ಇಲ್ಲ ಕಣೇ.”

“ಎಲ್ಲಿ, ಬಾಯಿ ಊದಿ.”

ಊದಿದ. ವಾಸನೆಯಿರಲಿಲ್ಲ. ಏಲಕ್ಕಿ ಜಗಿದು ಬಂದಿದ್ದಾನೆ ಅಂದುಕೊಂಡಳು. ಅವಳಪ್ಪನೂ ಹಾಗೇ ಮಾಡುತ್ತಿದ್ದ. ಪಾಪ, ‘ಇಲ್ಲ’ ಎಂದು ವಾದಿಸಿದಷ್ಟೂ ಅವನು ತೊದಲುತ್ತಿದ್ದ, ತೊದಲಿದಷ್ಟೂ ಅವಳ ಅನುಮಾನ ಗಟ್ಟಿಯಾಗುತ್ತಿತ್ತು. ಮಲಗಿ ಎದ್ದರೆ ಮಾತು ಮತ್ತೆ ಸ್ಪಷ್ಟ.

“ಇಳೀತಾ?” ಎಂದು ಕೇಳಿ, ಅವಳು ಮುಖ ತಿರುಗಿಸಿ ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ಸಂಜೆ ಊಟಕ್ಕೆ ಕೂತವನಿಗೆ ನೀರೂ ಗಂಟಲಲ್ಲಿ ಇಳಿಯದೆ ಮೂಗಿನಿಂದ ಬಂತು. ಉಸಿರಿಗೆ ಒದ್ದಾಡಿದ. ಅವಳು ಎದ್ದೆನೋ ಬಿದ್ದೆನೋ ಎಂದು ಆಟೋ ಹಿಡಿದು ಆಸ್ಪತ್ರೆಗೆ ಕರೆತಂದಳು.

“ಒಂದು ನರಕೋಶ ಇನ್ನೊಂದನ್ನ ಮುಟ್ಟಲ್ಲಮ್ಮ,” ಪರೀಕ್ಷಿಸಿದ ಡಾಕ್ಟರು ಹೇಳಿದರು. “ಮಧ್ಯೆ ಸಣ್ಣ ಸಂದು ಇರುತ್ತೆ. ಈ ಕಡೆಯದು ಒಂದು ರಾಸಾಯನಿಕ ಬಿಡುತ್ತೆ, ಆ ಕಡೆಯದು ಹಿಡ್ಕೊಳ್ಳುತ್ತೆ. ಅದೇ ಅವುಗಳ ಮಾತು. ನರ ಸ್ನಾಯುಗೆ ಹೇಳೋದೂ ಹಾಗೇ. ಇವರ ನರ ಸರಿಯಾಗೇ ಕೂಗ್ತಿದೆ. ಸ್ನಾಯುಲಿ ಅದನ್ನ ಹಿಡ್ಕೊಳ್ಳೋ ಜಾಗಗಳನ್ನ ಇವರ ಮೈಯೇ ಶತ್ರು ಅಂದ್ಕೊಂಡು ಹಾಳು ಮಾಡ್ತಿದೆ. ದುಡಿದಷ್ಟೂ ಸ್ನಾಯು ಸೋಲುತ್ತೆ, ಮಲಗಿದ್ರೆ ಸ್ವಲ್ಪ ಚೇತರಿಸ್ಕೊಳ್ಳುತ್ತೆ.”

“ಹಾಗಾದ್ರೆ… ಕುಡಿತ?”

“ಯಾವ ಕುಡಿತ? ರೆಪ್ಪೆ ಬಿದ್ದಾಗಲೇ ಬಂದಿದ್ರೆ ಮಾತ್ರೆ ಕೊಡ್ತಿದ್ದೆ. ಈಗ ಉಸಿರಾಡೋ ಸ್ನಾಯುನೇ ಸೋತಿದೆ. ಗಂಟಲಿಗೆ ಕೊಳವೆ ಹಾಕ್ಬೇಕು. ಬದುಕಿಸೋಕೆ ನೋಡ್ತೀವಿ, ಮಾತು ಮರಳುತ್ತೋ ಇಲ್ವೋ ಈಗ ಹೇಳಕ್ಕಾಗಲ್ಲ.”

ಅವಳು ಮಂಚದ ಬಳಿ ಓಡಿದಳು. ಇಷ್ಟು ದಿನದ ತನ್ನ ಮಾತುಗಳೆಲ್ಲ ಒಟ್ಟಿಗೆ ಎದೆಗೆ ಬಂದು ಬಡಿದವು. ಜೋತುಬಿದ್ದ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದಳು.

“ರೀ, ಬೈರಿ ನನ್ನ. ಬಾಯ್ತುಂಬ ಬೈರಿ. ನಾನು ಕೇಳ್ತೀನಿ.”

ಅವನ ತುಟಿ ಅಲುಗಿತು. ದನಿ ಬರಲಿಲ್ಲ. ಉಳಿದಿದ್ದ ಅಷ್ಟೂ ದನಿಯನ್ನು ಅವನು ಆಟೋದಲ್ಲೇ ಖರ್ಚು ಮಾಡಿದ್ದ. ಕುಡಿದಿಲ್ಲ ಕಣೇ, ಕುಡಿದಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದ. ಅವಳು ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು.