ಆನ್ ಆಯಿ

ನನ್ನ ಹೆಸರು ಶಾಂತಾ. ಹಾಗೆಂದು ಕರೆಯುವವರು ಯಾರೂ ಉಳಿದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಶಾಲೆಯ ಶಿಕ್ಷಕಿ ಕೆಲಸದಿಂದ ನಿವೃತ್ತಳಾಗಿದ್ದರೂ ಬಸವನ ಬಾಗೇವಾಡಿಗೆಲ್ಲ ನಾನು ಇನ್ನೂ ‘ಅಕ್ಕೋರು’. ಸಿಂದಗಿಯಲ್ಲಿದ್ದ ಅಕ್ಕ ಮಾತ್ರ ಫೋನಿನಲ್ಲಿ ‘ಶಾಂತೂ’ ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಹೆಸರನ್ನು ಮೊಮ್ಮಗಳಿಗೆ ಇಟ್ಟರು. ನಮ್ಮ ಕಡೆ ಪದ್ಧತಿಯೇ ಹಾಗೆ, ಹಿರಿಯರ ಹೆಸರು ತೊಟ್ಟಿಲಿಗೆ ಮರಳುತ್ತದೆ. ಎಲ್ಲರ ಜೊತೆ ಜೋಗುಳ ಹಾಡುತ್ತಲೇ, ಮದುವೆಯಾಗದ ನನ್ನ ಹೆಸರು ಯಾವ ತೊಟ್ಟಿಲಿಗೆ ಹೋದೀತು ಎಂದುಕೊಂಡೆ.

ಅದೇ ವರ್ಷ ಮಸೂತಿಯ ಕಡೆ ವಿದ್ಯುತ್ ಸ್ಥಾವರದಲ್ಲಿ ಯಂತ್ರ ಕೂಡಿಸಲು ಚೀನಾದವರು ಬಂದಿದ್ದರು. ಅವರ ದುಭಾಷಿ ಲಿನ್ ಎಂಬ ಹುಡುಗಿ ನನ್ನ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಳು. ಲಿನ್ ಅವಳ ಮನೆತನದ ಅಡ್ಡಹೆಸರು. ಅವರಲ್ಲಿ ಅದೇ ಮೊದಲು ಬರುತ್ತದಂತೆ. ಅರ್ಥ ಕಾಡು, ಅವರ ಲಿಪಿಯಲ್ಲಿ ಮರದ ಅಕ್ಷರ ಎರಡು ಸಲ ಪಕ್ಕಪಕ್ಕ ನಿಲ್ಲಿಸಿದರೆ ಲಿನ್. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ಹಾಜರಿ ಕೂಗಿದ ನನಗೆ ಇದೇನೂ ವಿಚಿತ್ರವೆನಿಸಲಿಲ್ಲ. ನಮ್ಮವರು ಕಾಯಿಪಲ್ಲೆಯಲ್ಲೇ ನಿಂತರು, ಅವರು ಕಾಡಿಗೆ ಹೋದರು, ಅಷ್ಟೇ.

ಒಂದು ಸಂಜೆ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ನನ್ನ ಹೆಸರಿನ ಅರ್ಥ ಕೇಳಿದಳು. ಹೇಳಿದೆ. ಕೂಡಲೇ ಕಾಗದದ ಮೇಲೆ 安 ಎಂದು ಬರೆದು, ಇಂಗ್ಲಿಷಿನಲ್ಲಿ ವಿವರಿಸಿದಳು. “ಇದು ಆನ್. ನಮ್ಮಲ್ಲಿ ನಿಮ್ಮ ಹೆಸರು ಇದೇ. ಮೇಲೆ ಸೂರು, ಅದರ ಕೆಳಗೆ ಹೆಂಗಸು. ಅರ್ಥ, ನೆಮ್ಮದಿ.” ಗಂಡುಮಕ್ಕಳಿಗೂ ಈ ಹೆಸರಿಡುತ್ತಾರಂತೆ. ಸೂರಿನ ಕೆಳಗೆ ಎಷ್ಟೋ ವರ್ಷದಿಂದ ಒಬ್ಬಳೇ ಕೂತವಳು ನಾನು. ಅಕ್ಷರ ಮಾಡಿದ ಪುಣ್ಯಾತ್ಮ ಆ ಹೆಂಗಸನ್ನು ಒಂದು ಮಾತು ಕೇಳಿದ್ದನೋ ಇಲ್ಲವೋ ಎಂದು ಅನುಮಾನವಾಯಿತು.

ಮರುದಿನದಿಂದ ಅವಳು ಮೆಟ್ಟಿಲ ಮೇಲಿಂದಲೇ “ಆನ್ ಆಯಿ!” ಎಂದು ಕೂಗತೊಡಗಿದಳು. ಅವರಲ್ಲಿ ಆಯಿ ಎಂದರೆ ಚಿಕ್ಕಮ್ಮ, ನಮ್ಮಲ್ಲಿ ಅಜ್ಜಿ. ಪಕ್ಕದ ಮನೆಯ ಕಾಶವ್ವ ಕೇಳಿಯೇಬಿಟ್ಟಳು: “ಅಕ್ಕೋರ, ಈ ಮೊಮ್ಮಗಳು ಎಲ್ಲಿಂದ ಬಂದಳ್ರಿ?” ಮದುವೆ, ಹೆರಿಗೆಯ ತಾಪತ್ರಯವಿಲ್ಲದೆ ನಾನು ಆಯಿಯಾಗಿದ್ದೆ.

ಕೆಲಸ ಮುಗಿದು ಲಿನ್ ಹೊರಟುಹೋದಳು. ಕೋಣೆಗೆ ಬೇರೆ ಯಾರನ್ನೂ ಇಡಲಿಲ್ಲ. ಸಂಜೆ ಕೈ ತಾನಾಗಿ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿತ್ತು. ಮುಂಜಾನೆ ಅದನ್ನು ನಾನೇ ತಿನ್ನುತ್ತಿದ್ದೆ.

ಅವಳ ಫೋನು ಮಾತ್ರ ಬರುತ್ತಿತ್ತು. ಮದುವೆಯಾಯಿತು. ಹೋದ ವರ್ಷ ಬಸುರಿಯಾದಳು. “ಹೆಣ್ಣಾದರೆ ಏನು ಹೆಸರಿಡಲಿ?” ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಆಸೆ ಮಾತ್ರ ಬಾಯಿ ಬಿಟ್ಟುಕೊಂಡೇ ಕೂತಿತ್ತು.

ಹೆಣ್ಣೇ ಆಯಿತು. ಹೆಸರು ನಿಂಗ್ ಎಂದು ಸುದ್ದಿ ಬಂತು. ಆ ದಿನ ನಾನು ಒಲೆ ಹಚ್ಚಲಿಲ್ಲ.

ಲಿನ್ ಮತ್ತೆ ಫೋನು ಮಾಡಿದಾಗ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. “ಯಾಕೆ, ಆನ್ ಚಲೋ ಹೆಸರಲ್ಲವೇ?”

ಅವಳು ಗಾಬರಿಯಾದಳು. “ಅದನ್ನು ಹೇಗೆ ಇಡಲಿ, ಆಯಿ? ನಮ್ಮ ಮನೆತನದಲ್ಲಿ ಹಿರಿಯರ ಹೆಸರನ್ನು ಮಗುವಿಗೆ ಇಡುವುದಿಲ್ಲ. ನಾಳೆ ಮಗುವನ್ನು ಗದರಿದರೆ ಹಿರಿಯರನ್ನು ಗದರಿದಂತಾಗುತ್ತದೆ. ನನ್ನ ಅಜ್ಜಿಯ ಅಕ್ಷರ ಬಿಟ್ಟೆ, ನಿಮ್ಮದೂ ಬಿಟ್ಟೆ. ನಿಂಗ್ ಎಂದರೂ ಶಾಂತಿಯೇ. ನಾವು ನೆಮ್ಮದಿ ಎಂದು ಬರೆಯುವಾಗ ಆನ್ ಪಕ್ಕದಲ್ಲಿ ನಿಂಗ್ ನಿಲ್ಲುತ್ತದೆ.”

ನಮ್ಮವರು ಹೆಸರಿಟ್ಟು ಹಿರಿಯರನ್ನು ಉಳಿಸಿಕೊಳ್ಳುತ್ತಾರೆ, ಅವರು ಇಡದೆ ಉಳಿಸಿಕೊಳ್ಳುತ್ತಾರೆ. ಯಾವ ತೊಟ್ಟಿಲಿಗೂ ಹೋಗದ ಹೆಸರಿಗೂ ಒಂದು ಮನೆ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಹಳೆಯ ಇಳಕಲ್ ಸೀರೆ ಕತ್ತರಿಸಿ, ಕೂಸಿನ ತಲೆ, ಬೆನ್ನು ಮುಚ್ಚುವ ಒಂದು ಕುಂಚಿಗೆ ಹೊಲಿಯಲು ಕಟ್ಟೆಯ ಮೇಲೆ ಕೂತೆ. ಕಾಶವ್ವ ಬಂದು ನಿಂತಳು.

“ಯಾರಿಗ್ರಿ, ಅಕ್ಕೋರ?”

“ನಿಂಗ್ ಅಂತ ಒಂದು ಕೂಸಿಗೆ.”

“ನಿಂಗವ್ವಗ? ಯಾವೂರಾಕಿರಿ?”

“ಭಾಳ ದೂರದಾಕಿ, ಕಾಶವ್ವ. ಆದ್ರ ನಮ್ಮ ಮನಿಯಾಕಿ.”

“ಹಂಗಿದ್ರ ಒಮ್ಮೆ ಕರಕೊಂಡ ಬರ್ರಿ, ನೋಡೂಣು,” ಎಂದು ಅವಳು ಕೊಡ ಹೊತ್ತು ಹೋದಳು. ನಾನು ಸೂಜಿಗೆ ದಾರ ಪೋಣಿಸತೊಡಗಿದೆ. ಕನ್ನಡಕ ಹಾಕಿಕೊಂಡಿದ್ದರೂ ಸೂಜಿಯ ಕಣ್ಣು ಬಹಳ ಹೊತ್ತು ಸಿಗಲಿಲ್ಲ.