ಪಚ್ಚೆಯ ಗೂಡು

'ಆಗಿಬರುವುದು' ಎಂಬ ಮಾತು ನಮ್ಮತ್ತೆಯ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು. ಮನೆ ಆಗಿಬರಬೇಕು, ಸೊಸೆ ಆಗಿಬರಬೇಕು, ಹರಳಂತೂ ಆಗಿಬರಲೇಬೇಕು. ರಕ್ತ ಕಡಿಮೆಯಾದರೆ ಹವಳ, ಮನಸ್ಸು ಕದಡಿದರೆ ಮುತ್ತು. ನೀಲವನ್ನು ಮಾತ್ರ ಸುಮ್ಮನೆ ಬೆರಳಿಗೇರಿಸುವಂತಿಲ್ಲ. ಮೊದಲು ದಿಂಬಿನ ಕೆಳಗಿಟ್ಟುಕೊಂಡು ಮಲಗಬೇಕು, ಕೆಟ್ಟ ಕನಸು ಬಿದ್ದರೆ ತಂದಲ್ಲಿಗೇ ಹಿಂದಿರುಗಿಸಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಇದನ್ನೆಲ್ಲ ಕೇಳಿದರೆ ಮೈ ಉರಿಯುತ್ತಿತ್ತು. "ಹಾಗಾದ್ರೆ ನಾನು ಆಗಿಬಂದೆನಾ ಅಮ್ಮ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ. "ಇನ್ನೂ ನೋಡ್ತಿದೀನಿ" ಎಂದು ಹುರುಳಿಕಾಯಿಯ ನಾರು ತೆಗೆಯುತ್ತಲೇ ಹೇಳಿದರು.

ಆಮೇಲೆ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಬಸ್ಸಿನಲ್ಲಿ ಪಕ್ಕ ಕೂತವರ ಊರು, ನೆಂಟಸ್ತನವೆಲ್ಲ ಇಳಿಯುವುದರೊಳಗೆ ತಿಳಿದುಕೊಳ್ಳುತ್ತಿದ್ದ ಮನುಷ್ಯನ ಬಾಯಿಂದ ಬರೀ 'ಆ... ಆ...' ಎಂಬ ಶಬ್ದ ಹೊರಡುತ್ತಿತ್ತು. ನನಗೆ ಅಳುವುದಕ್ಕೂ ಭಯವಾಗುತ್ತಿತ್ತು, ಏಕೆಂದರೆ ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು.

ಎನ್.ಆರ್. ಕಾಲೋನಿಯಿಂದ ಸ್ಪೀಚ್ ಥೆರಪಿಯ ಹುಡುಗಿ ಬರತೊಡಗಿದಳು. ಎರಡು ಲೋಟ ಎದುರಿಗಿಟ್ಟು, "ಅಂಕಲ್, ಇದು ತುಂಬಿದೆ, ಇದು ಖಾಲಿ. ಹೇಳಿ ನೋಡೋಣ" ಎನ್ನುತ್ತಿದ್ದಳು. ಇವರು ಲೋಟಗಳನ್ನು ನೋಡಿ ತಲೆ ತಗ್ಗಿಸುತ್ತಿದ್ದರು. ನನ್ನ ನಂಬಿಕೆಯೆಲ್ಲ ಆ ಲೋಟಗಳ ಮೇಲೆ.

ಅತ್ತೆಯ ನಂಬಿಕೆ ಬೇರೆ. ಮಾತಿಗೆ ಬುಧ, ಬುಧನಿಗೆ ಪಚ್ಚೆ. ಪಚ್ಚೆಗಾಗಿ ಅಂಗಡಿಗೆ ಹೋಗಬೇಕಿರಲಿಲ್ಲ. ಮದುವೆಯಲ್ಲಿ ತವರಿನವರು ಹಾಕಿದ ಪದಕದಲ್ಲಿ, ಅವರ ಎದೆಯ ಮೇಲೆಯೇ ಒಂದಿತ್ತು: ಉಬ್ಬಿದ, ನುಣುಪಾದ, ಹುಣಸೆಬೀಜದಷ್ಟು ದೊಡ್ಡ ಹರಳು. ಸ್ನಾನಕ್ಕೂ ತೆಗೆಯದ ಪದಕವನ್ನು ಬಿಚ್ಚಿ ನನ್ನ ಕೈಗಿಟ್ಟರು. "ಹರಳು ತೆಗೆಸಿ ಉಂಗುರ ಮಾಡಿಸ್ಕೊಂಡು ಬಾ. ಹಿಂದೆ ಮುಚ್ಚಿರಬಾರದು. ಹರಳು ಮೈಗೆ ತಾಗಬೇಕು."

"ಬಲಗೈಗೆ ಸ್ಪರ್ಶವೇ ಇಲ್ಲ ಅಮ್ಮ. ಚಿವುಟಿದ್ರೂ ಗೊತ್ತಾಗಲ್ಲ ಅವರಿಗೆ."

"ಗಂಡಸರಿಗೆ ಬಲಗೈಯೇ. ಅವನಿಗೆ ಗೊತ್ತಾಗದಿದ್ರೇನು, ಹರಳಿಗೆ ಗೊತ್ತಾಗತ್ತೆ."

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಮಹಡಿಯ ಮೇಲಿನ ಕೋಣೆಯಲ್ಲಿ ಹರಳಿಗೆ ಸಾಣೆ ಹಿಡಿಯುವವರಿದ್ದರು. ಪದಕದಿಂದ ಬಿಡಿಸಿದ ಮೇಲೆ ಪಚ್ಚೆಯ ಅಂಚಿನಲ್ಲಿ ಒಂದು ಬಿರುಕು ಕಂಡಿತು. ಹಾಗೇ ಉಂಗುರಕ್ಕೆ ಕೂರಿಸಿದರೆ ಒತ್ತಡಕ್ಕೆ ಒಡೆಯುತ್ತದೆ, ಬಿರುಕು ಹೋಗುವವರೆಗೂ ಸವೆಸಬೇಕು ಎಂದರು. ಎಷ್ಟು ಉಳಿಯುತ್ತದೆ ಎಂದು ಕೇಳಿದೆ. ಸವೆಸದೆ ಹೇಳಲಾಗದು ಎಂದರು. ಒಪ್ಪಿಕೊಂಡೆ.

ಕಡ್ಡಿಯ ತುದಿಗೆ ಬಿಸಿ ಅರಗು ಹಚ್ಚಿ ಹರಳನ್ನು ಅಂಟಿಸಿದರು. ತಿರುಗುವ ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕಾವೇರಿದರೆ ಪಚ್ಚೆ ಸೀಳುತ್ತದಂತೆ, ಅದಕ್ಕೇ ಒಂದಿಷ್ಟು ಒತ್ತಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಒತ್ತುತ್ತಿದ್ದರು. ಉಬ್ಬು ಹೋಗಿ ಚಪ್ಪಟೆ ಮುಖ ಬಂತು, ಪಕ್ಕಗಳಲ್ಲಿ ಓರೆ ಮುಖಗಳು ಮೂಡಿದವು. ಕಪ್ಪುಹಸಿರಾಗಿದ್ದದ್ದು ಎಳೆ ಬಾಳೆಯೆಲೆಯ ಬಣ್ಣಕ್ಕೆ ತಿರುಗಿತು. ನಿಜಕ್ಕೂ ಚೆಂದವಿತ್ತು. ಆದರೆ ಸಾಣೆಯಿಂದ ಇಳಿಯುತ್ತಿದ್ದ ನೀರಿನಲ್ಲಿ ಅತ್ತೆಯ ತವರು ಕರಗಿ ಹೋಗುತ್ತಿದೆ ಎನ್ನಿಸಿತು. ಕೊನೆಗೆ ಉಳಿದದ್ದು ಅರ್ಧಕ್ಕಿಂತ ಕಡಿಮೆ.

ಬರಿದಾದ ಪದಕವನ್ನು ಅತ್ತೆ ಮತ್ತೆ ಕೊರಳಿಗೆ ಹಾಕಿಕೊಂಡರು. ಹರಳು ಬಿದ್ದ ಒಡವೆ ಹಾಕಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವರೇ ಅವರು. "ಇದೇನಮ್ಮ?" ಎಂದರೆ, "ಅದರ ಜಾಗ ಅದಕ್ಕೇ ಇರ್ಲಿ. ಅವನಿಗೆ ಮಾತು ಬಂದ್ಮೇಲೆ ವಾಪಸ್ ಕೂರಿಸ್ತೀನಿ" ಎಂದರು. ಸವೆದು ಸಣ್ಣದಾದ ಹರಳು ಇನ್ನು ಪದಕದ ಆ ಗೂಡಿನಲ್ಲಿ ನಿಲ್ಲುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬುಧವಾರ ಬೆಳಿಗ್ಗೆ ಉಂಗುರವನ್ನು ಹಸಿ ಹಾಲಿನಲ್ಲಿ ಅದ್ದಿ, ದೇವರ ಮುಂದಿಟ್ಟು, ಮಗನ ಊದಿದ ಕಿರುಬೆರಳಿಗೆ ಅತ್ತೆಯೇ ತೊಡಿಸಿದರು. ಏನೂ ಆಗಲಿಲ್ಲ. ಮುಂದಿನ ವಾರವೂ ಆಗಲಿಲ್ಲ. ಥೆರಪಿಯ ಹುಡುಗಿ ಬರುತ್ತಿದ್ದಳು, ಲೋಟಗಳನ್ನು ಇಡುತ್ತಿದ್ದಳು, ಹೋಗುತ್ತಿದ್ದಳು. ಎರಡೂ ನಂಬಿಕೆಗಳು ನಮ್ಮ ಮನೆಯಲ್ಲಿ ಒಟ್ಟಿಗೇ ಬಾಡುತ್ತಿದ್ದವು. ನಾವಿಬ್ಬರೂ ಜಗಳವಾಡುವುದನ್ನೂ ಬಿಟ್ಟಿದ್ದೆವು.

ಒಂದು ಬೆಳಿಗ್ಗೆ ಅತ್ತೆ ಬಗ್ಗಿ ಮಗನಿಗೆ ಗಂಜಿ ಕುಡಿಸುತ್ತಿದ್ದರು. ಪದಕ ಇವರ ಕಣ್ಣೆದುರೇ ತೂಗುತ್ತಿತ್ತು. ಇವರು ಚಮಚವನ್ನು ಎಡಗೈಯಿಂದ ಸರಿಸಿದರು. ಅದೇ ಕೈಯನ್ನು ಚಾಚಿ ಪದಕವನ್ನು ಹಿಡಿದು, ಗೂಡಿನೊಳಗೆ ಹೆಬ್ಬೆರಳಿಟ್ಟರು. ತುಟಿ ಒದ್ದಾಡಿತು.

"ಖಾ... ಖಾಲಿ."

ಅದು ಥೆರಪಿಯ ಹುಡುಗಿ ಕಲಿಸಿದ ಮಾತು. ಬೇಕಿದ್ದರೆ ಆ ಕ್ಷಣ ಗೆದ್ದೆನೆಂದು ಹೇಳಬಹುದಿತ್ತು, ಆದರೆ ಗೆಲ್ಲುವ ಆಸೆ ನನ್ನಲ್ಲಿ ಉಳಿದಿರಲಿಲ್ಲ. ಇವರು ಯಾವುದನ್ನು ನೋಡಿ ಆ ಮಾತು ಆಡಿದರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಇವರ ಕಣ್ಣಲ್ಲಿ ನೀರಿತ್ತು.

"ಖಾಲಿ ಎಲ್ಲೋ? ಇಲ್ಲಿದೆಯಲ್ಲ!" ಎಂದು ಅತ್ತೆ ಮಗನ ಸತ್ತ ಬಲಗೈಯನ್ನು ಎರಡೂ ಕೈಯಲ್ಲಿ ಎತ್ತಿ, ಉಂಗುರದ ಹರಳನ್ನು ಪದಕದ ಗೂಡಿಗೆ ಒತ್ತಿ ತೋರಿಸಿದರು. ಹರಳಿನ ಸುತ್ತ ಜಾಗ ಉಳಿಯಿತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ಇರ್ಲಿ ಬಿಡು, ಅವನಿಗೆ ಆಗಿಬಂತಲ್ಲ" ಎಂದರು. ಮಗನ ಕೈಯನ್ನು ಎದೆಯಿಂದ ಕೆಳಗಿಳಿಸಲಿಲ್ಲ. "ಇನ್ನೊಂದ್ಸಲ ಹೇಳು ಮಗೂ."

"ಖಾಲಿ."

"ಇನ್ನೊಂದ್ಸಲ."